ಅಧ್ಯಕ್ಷೆಯನ್ನು ಕರೆಸುವ ಮುನ್ನ: ಬಾನುಲಿಯಲ್ಲಿ ಹೆಣ್ಣಿನ ಸಮಸ್ಯೆ ಮತ್ತು ಹೆಣ್ಣಿನ ಅಧಿಕಾರ

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಬೋಧಿಸುತ್ತೇನೆ. ನಮ್ಮ ಸಂಸ್ಥೆಯ ಸಮುದಾಯ ಬಾನುಲಿಯಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆಯ ಮಹಿಳಾ ಕಾರ್ಯಕ್ರಮವನ್ನು ವಿದ್ಯಾರ್ಥಿನಿಯರೇ ನಡೆಸುತ್ತಾರೆ. ಸುತ್ತಲಿನ ಗ್ರಾಮ ಪಂಚಾಯಿತಿಗಳ ಅಧ್ಯಕ್ಷೆಯರನ್ನು ಕರೆಸಿ ಮಾತನಾಡಿಸಿದ್ದೇವೆ. ಆದರೆ ಯಾರನ್ನು ಕರೆಸಿದರೂ ಸಂದರ್ಶನ ಒಂದೇ ಬಗೆಯಾಗಿರುತ್ತದೆ. ಕೆಲವೊಮ್ಮೆ ಜೊತೆಯಲ್ಲಿ ಬಂದ ಗಂಡಂದಿರೇ ಉತ್ತರ ಕೊಟ್ಟುಬಿಡುತ್ತಾರೆ. ಮಹಿಳೆಯರ ಸಮಸ್ಯೆಗಳನ್ನೂ ರಾಜಕೀಯದಲ್ಲಿರುವ ಮಹಿಳೆಯರನ್ನೂ ಬಾನುಲಿ ಯಾವ ರೀತಿ ಬಿಂಬಿಸುತ್ತ ಬಂದಿದೆ? ನಾವು ಬದಲಿಸಬಹುದಾದದ್ದು ಏನು?

ಉತ್ತರ: ನಿಮ್ಮ ಸಂದರ್ಶನಗಳು ಒಂದೇ ಬಗೆಯಾಗಿರುವುದಕ್ಕೆ ವಿದ್ಯಾರ್ಥಿನಿಯರ ಅನನುಭವವನ್ನು ದೂರಬೇಕಾಗಿಲ್ಲ, ಅವರು ಕೇಳಿ ಬೆಳೆದ ಕಾರ್ಯಕ್ರಮಗಳ ಮಾದರಿಯೇ ಹಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಾನುಲಿ ಮಹಿಳೆಯರ ಬಗ್ಗೆ ಕಡಿಮೆ ಮಾತನಾಡಿದೆ ಎಂಬ ದೂರನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಅದು ಸಾಕಷ್ಟು ಮಾತನಾಡಿದೆ. ತೊಂದರೆ ಇರುವುದು ಹಂಚಿಕೆಯಲ್ಲಿ: ಹೆಣ್ಣಿನ ಸಮಸ್ಯೆಗೆ ದಿನದ ಒಂದು ವೇಳೆ, ಊರಿನ ಮತ್ತು ನಾಡಿನ ಆಡಳಿತಕ್ಕೆ ಇನ್ನೊಂದು ವೇಳೆ ಎಂದು ಗೊತ್ತುಮಾಡಿ, ಅವೆರಡೂ ಒಂದೇ ಕಾರ್ಯಕ್ರಮದಲ್ಲಿ ಎದುರಾಗದ ಹಾಗೆ ದಶಕಗಳ ಕಾಲ ನಡೆಸಿಕೊಂಡು ಬಂದದ್ದರಿಂದ, ಸಮಸ್ಯೆಯಲ್ಲಿರುವ ಹೆಣ್ಣು ಸಲಹೆ ಪಡೆಯುವವಳಾಗಿಯೂ ಅಧಿಕಾರದಲ್ಲಿರುವ ಹೆಣ್ಣು ಮನೆ ಮತ್ತು ಕಚೇರಿ ಎರಡನ್ನೂ ತೂಗಿಸುವ ಜಾಣೆಯಾಗಿಯೂ ಮಾತ್ರ ನಮ್ಮ ಕಿವಿಗೆ ಬೀಳುತ್ತಾಳೆ.

ಈ ಹಂಚಿಕೆಗೆ ಇತಿಹಾಸವಿದೆ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದರು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ಆಕಾಶವಾಣಿ ನಿಲಯಗಳು ಬಂದವು. ಆಕಾಶವಾಣಿಯ ವ್ಯವಸ್ಥೆಯಲ್ಲಿ ರೈತರು, ಮಹಿಳೆಯರು, ಮಕ್ಕಳು, ಯುವಜನರು ಎಂದು ವಿಶೇಷ ಶ್ರೋತೃವರ್ಗಗಳನ್ನು ಗುರುತಿಸಿ ಒಂದೊಂದು ವರ್ಗಕ್ಕೂ ಒಂದೊಂದು ವೇಳೆಯನ್ನು ಮೀಸಲಿಡುವುದು ರೂಢಿ. ಮಹಿಳೆಯರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಗಂಡಸರು ಹೊಲಕ್ಕೋ ಕಚೇರಿಗೋ ಹೋಗಿ ಮನೆಯಲ್ಲಿ ಮಧ್ಯಾಹ್ನದ ಬಿಡುವು ಇರುತ್ತದೆಂದು ಊಹಿಸಿದ ಹೊತ್ತು. ಕೂಲಿಗೆ ಹೋಗುವ ಹೆಂಗಸಿಗೆ ಆ ಬಿಡುವು ಎಂದೂ ಇರಲಿಲ್ಲ ಎಂಬುದು ಬೇರೆ ಮಾತು.

ಆ ವೇಳೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬಾಣಂತಿಯ ಆರೈಕೆ, ಮಕ್ಕಳ ಲಸಿಕೆ, ರಕ್ತಹೀನತೆ, ಆಸ್ತಿಯ ಹಕ್ಕು ಇವೆಲ್ಲ ಓದು ಬಾರದ ಹೆಣ್ಣುಮಕ್ಕಳನ್ನು ಅವರ ಮಾತಿನಲ್ಲೇ ತಲುಪಿದ್ದು ಅಲ್ಲಿಂದ. ಮನೆಯಿಂದ ಹೊರಗೆ ನಾಲ್ಕು ಜನರ ಮುಂದೆ ಮಾತನಾಡಲು ಹಿಂಜರಿಯುತ್ತಿದ್ದ ಎಷ್ಟೋ ಲೇಖಕಿಯರಿಗೆ ಮೊದಲ ವೇದಿಕೆಯೂ ಮೊದಲ ಸಂಭಾವನೆಯೂ ದೊರೆತದ್ದು ಅಲ್ಲಿಂದಲೇ. ಆದರೆ ಸಂಜೆಯ ಪ್ರದೇಶ ಸಮಾಚಾರ, ಮುಂಗಡಪತ್ರದ ಚರ್ಚೆ, ಚುನಾವಣಾ ಫಲಿತಾಂಶದ ವಿಶ್ಲೇಷಣೆ ಇವುಗಳ ಮೈಕಿನ ಮುಂದೆ ಕೂತವರು ಬಹುಪಾಲು ಗಂಡಸರು. ಮಧ್ಯಾಹ್ನ ಮಾತನಾಡಿದ ಹೆಣ್ಣು ಸಂಜೆಯ ಚರ್ಚೆಗೆ ಬರಲಿಲ್ಲ, ಸಂಜೆಯ ವಿಷಯ ಮಧ್ಯಾಹ್ನಕ್ಕೆ ಹೋಗಲಿಲ್ಲ. ಆಕಾಶವಾಣಿ, ದೂರದರ್ಶನಗಳನ್ನು ನಡೆಸುವ ಸಂಸ್ಥೆಗಾಗಿ ಪ್ರಸಾರ ಭಾರತಿ ಕಾಯ್ದೆ ಬಂದದ್ದು 1990ರಲ್ಲಿ. ಅದರ 12ನೇ ಕಲಂ ಮಹಿಳೆಯರ ಸ್ಥಾನಮಾನ ಮತ್ತು ಸಮಸ್ಯೆಗಳ ಬಗ್ಗೆ ಜನರಲ್ಲಿ ಅರಿವು ಮೂಡಿಸುವುದನ್ನೂ ಅವರ ಏಳಿಗೆಗೆ ವಿಶೇಷ ಗಮನ ಕೊಡುವುದನ್ನೂ ಸಂಸ್ಥೆಯ ಕರ್ತವ್ಯವಾಗಿ ಹೇಳುತ್ತದೆ. ಒಳ್ಳೆಯದೇ. ಆದರೂ ಆ ಸಾಲಿನ ಹೆಣ್ಣು ಏಳಿಗೆ ಹೊಂದಬೇಕಾದವಳು. ಆಳುವವಳಾಗಿ, ಲೆಕ್ಕ ಕೊಡಬೇಕಾದವಳಾಗಿ ಅವಳು ಅಲ್ಲಿ ಕಾಣಿಸುವುದಿಲ್ಲ.

ಕಾಯ್ದೆ ಬಂದ ಹೊತ್ತಿಗಾಗಲೇ ಕರ್ನಾಟಕದ ಹಳ್ಳಿಗಳಲ್ಲಿ ಪರಿಸ್ಥಿತಿ ಬದಲಾಗಿತ್ತು ಎಂಬುದನ್ನು ನೆನಪಿಡಬೇಕು. ನಮ್ಮ ರಾಜ್ಯದ 1983ರ ಪಂಚಾಯತ್ ಕಾಯ್ದೆ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಅದರಂತೆ 1987ರಲ್ಲಿ ಚುನಾವಣೆಯೂ ನಡೆಯಿತು. ಇಡೀ ದೇಶಕ್ಕೆ ಮೂರನೇ ಒಂದು ಭಾಗದ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದದ್ದು 1993ರ ಏಪ್ರಿಲ್‌ನಲ್ಲಿ. 2010ರಲ್ಲಿ ಕರ್ನಾಟಕ ಅದನ್ನು ಅರ್ಧಕ್ಕೆ ಏರಿಸಿತು. ಮೇಲಿನ ಹಂತದ ಚಿತ್ರ ಇದಕ್ಕೆ ತೀರ ವಿರುದ್ಧ: 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು 10, 2024ರಲ್ಲಿ ರಾಜ್ಯದ 28 ಲೋಕಸಭಾ ಕ್ಷೇತ್ರಗಳಿಂದ ಆಯ್ಕೆಯಾದ ಮಹಿಳೆಯರು 3. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗವನ್ನು ಮೀಸಲಿಡುವ 106ನೇ ತಿದ್ದುಪಡಿಗೆ 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತಾದರೂ, ಅದರ ಜಾರಿಯನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ತಳಕು ಹಾಕಲಾಗಿದೆ. ಹೀಗಾಗಿ ಅಧಿಕಾರದ ಸ್ಥಾನದಲ್ಲಿ ಕೂತಿರುವ ಹೆಣ್ಣನ್ನು ಹುಡುಕಲು ಬೆಂಗಳೂರಿನ ನಿಲಯಕ್ಕಿಂತ ನಿಮ್ಮಂಥ ಚಿಕ್ಕ ನಿಲಯಕ್ಕೇ ಅವಕಾಶ ಹೆಚ್ಚು.

ಇದು ನಮ್ಮ ನಾಡಿನ ಕೊರತೆ ಮಾತ್ರವೂ ಅಲ್ಲ. ಪತ್ರಿಕೆ, ಬಾನುಲಿ, ಟಿ.ವಿ. ಸುದ್ದಿಗಳಲ್ಲಿ ಯಾರ ಬಗ್ಗೆ, ಯಾರ ಬಾಯಿಂದ ಮಾತು ಬರುತ್ತದೆ ಎಂಬುದನ್ನು ಜಾಗತಿಕ ಮಾಧ್ಯಮ ನಿಗಾ ಯೋಜನೆ 1995ರಿಂದ ಐದು ವರ್ಷಕ್ಕೊಮ್ಮೆ ಲೆಕ್ಕ ಹಾಕುತ್ತಿದೆ. ಮೊದಲ ಎಣಿಕೆಯಲ್ಲಿ ಸುದ್ದಿಯೊಳಗಿನ ವ್ಯಕ್ತಿಗಳ ಪೈಕಿ ಮಹಿಳೆಯರು ಶೇ. 17 ಇದ್ದರು, 2020ರಲ್ಲಿ ಶೇ. 25. ಮಾಧ್ಯಮ ಮತ್ತು ಮಹಿಳೆ ಎಂಬುದನ್ನು 12 ಪ್ರಮುಖ ಕಾಳಜಿಗಳಲ್ಲಿ ಒಂದೆಂದು ವಿಶ್ವಸಂಸ್ಥೆಯ 1995ರ ಬೀಜಿಂಗ್ ಮಹಿಳಾ ಸಮ್ಮೇಳನ ಒಪ್ಪಿಕೊಂಡ ಮೇಲೂ ಕಾಲು ಶತಮಾನದಲ್ಲಿ ಆದ ಏರಿಕೆ ಇಷ್ಟು.

ಇನ್ನು ಸಂದರ್ಶನದ ಮಾದರಿಗೆ ಬರೋಣ. ನಮ್ಮಲ್ಲಿ ರಾಜಕೀಯ ಮಹಿಳೆಯನ್ನು ಪರಿಚಯಿಸುವ ಸಿದ್ಧ ರೂಪವೆಂದರೆ ಸಾಧಕಿಯ ಪರಿಚಯ. ಹುಟ್ಟೂರು, ತಂದೆ ತಾಯಿ, ಮದುವೆ, ಪತಿಯ ಪ್ರೋತ್ಸಾಹ, ಆಕಸ್ಮಿಕವಾಗಿ ಸಿಕ್ಕ ಸ್ಥಾನ, ಊರಿನವರ ಸಹಕಾರ, ಕೊನೆಯಲ್ಲಿ ಮಹಿಳೆಯರಿಗೊಂದು ಕಿವಿಮಾತು. ಈ ಚೌಕಟ್ಟಿನಲ್ಲಿ ಹೆಣ್ಣು ರಾಜಕೀಯಕ್ಕೆ ಬರುವುದು ಯಾವಾಗಲೂ ಯಾರದೋ ಒತ್ತಾಯಕ್ಕೆ. ಅವಳಿಗೆ ಎದುರಾಳಿಗಳಿಲ್ಲ, ಗುಂಪಿಲ್ಲ, ಹಟವಿಲ್ಲ, ಮುಂದಿನ ಚುನಾವಣೆಯ ಲೆಕ್ಕಾಚಾರವಿಲ್ಲ. ಅಂದರೆ ರಾಜಕೀಯವನ್ನು ಪೂರ್ತಿ ಸೋಸಿ ತೆಗೆದ ಮೇಲೆ ಉಳಿದ ರಾಜಕಾರಣಿಯನ್ನು ನಾವು ಕೇಳಿಸುತ್ತೇವೆ. ಆಕಾಶವಾಣಿಗೆ ಪಕ್ಷಗಳ ಹೆಸರು ಹಿಡಿದು ಟೀಕಿಸಬಾರದೆಂಬ ಪ್ರಸಾರ ಸಂಹಿತೆಯ ಕಟ್ಟುಪಾಡು ಇದೆ, ಆದ್ದರಿಂದ ನಿಲಯದವರು ಸುರಕ್ಷಿತ ದಾರಿ ಹಿಡಿಯುವುದು ಸಹಜ. ಆದರೆ ಗಂಡಸು ರಾಜಕಾರಣಿಯ ಮಟ್ಟಿಗೆ ಅದೇ ಕಟ್ಟುಪಾಡಿನೊಳಗೆ ನೀರಾವರಿಯ ಬಗ್ಗೆಯೋ ತೆರಿಗೆಯ ಬಗ್ಗೆಯೋ ಪ್ರಶ್ನೆ ಹುಟ್ಟುತ್ತದೆ, ಹೆಣ್ಣಿನ ಮಟ್ಟಿಗೆ ಸಂಸಾರದ ಬಗ್ಗೆ ಹುಟ್ಟುತ್ತದೆ.

ಇದರ ಇನ್ನೊಂದು ರೂಪ 'ಮೊದಲ ಮಹಿಳೆ' ಎಂಬ ಪರಿಚಯ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರು ರಾಜ್ಯ ವಿಧಾನಸಭೆಯ ಮೊದಲ ಮಹಿಳಾ ಅಧ್ಯಕ್ಷೆ ಎಂಬುದು ಮಹಿಳಾ ದಿನದ ರಸಪ್ರಶ್ನೆಗಳಲ್ಲಿ ತಪ್ಪದೆ ಬರುತ್ತದೆ, ಅಲ್ಲಿಗೇ ಮುಗಿಯುತ್ತದೆ. ಅವರು 1972ರಿಂದ 1978ರವರೆಗೆ ಆ ಪೀಠದಲ್ಲಿದ್ದರು. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ರೂಪುಗೊಂಡು 1974ರ ಮಾರ್ಚ್‌ನಲ್ಲಿ ಜಾರಿಗೆ ಬಂದದ್ದು ಅದೇ ಅವಧಿಯಲ್ಲಿ. ಗೇಣಿದಾರರ ಪರ ಮತ್ತು ವಿರೋಧದ ಬಿಸಿ ಅಷ್ಟೊಂದಿದ್ದ ಕಾಲದಲ್ಲಿ, ಭೂಮಾಲೀಕರೂ ಇದ್ದ ಸದನವನ್ನು ಅವರು ನಡೆಸಿದ ಬಗೆ ಹೇಗಿತ್ತು ಎಂಬುದು ಒಂದು ಗಂಟೆಯ ಬಾನುಲಿ ರೂಪಕಕ್ಕೆ ಸಾಲುವಷ್ಟು ದೊಡ್ಡ ವಿಷಯ. ಪಾನನಿರೋಧವನ್ನು ಸಡಿಲಿಸುವುದನ್ನು ಪ್ರತಿಭಟಿಸಿ ಸಚಿವ ಸ್ಥಾನವನ್ನೇ ತೊರೆದ ಯಶೋಧರಾ ದಾಸಪ್ಪನವರ ವಿಷಯದಲ್ಲೂ ಹೀಗೆಯೇ: ಸ್ವಾತಂತ್ರ್ಯ ಹೋರಾಟಗಾರ್ತಿ, ಸಮಾಜ ಸೇವಕಿ ಎಂಬ ಎರಡು ವಿಶೇಷಣಗಳ ಕೆಳಗೆ ಆ ರಾಜೀನಾಮೆಯ ರಾಜಕೀಯ ಅಡಗಿಹೋಗುತ್ತದೆ.

ನಿಮ್ಮ ಅರ್ಧ ಗಂಟೆಯಲ್ಲಿ ಇದನ್ನು ಬದಲಿಸುವುದು ಕಷ್ಟವಲ್ಲ. ಅಧ್ಯಕ್ಷೆಯೊಬ್ಬರು ಸ್ಟುಡಿಯೊಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. "ಮೇಡಂ, ಮನೆ ಮತ್ತು ಪಂಚಾಯಿತಿ ಎರಡನ್ನೂ ಹೇಗೆ ನಿಭಾಯಿಸುತ್ತೀರಿ?" ಎಂದು ಕೇಳಿದರೆ ಬರುವ ಉತ್ತರ ನಿಮಗೂ ಗೊತ್ತು, ಕೇಳುಗರಿಗೂ ಗೊತ್ತು. ಅದರ ಬದಲು ಹೀಗೆ ಕೇಳಿ ನೋಡಿ: "ಜಲಜೀವನ್ ಮಿಷನ್‌ನ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ನಿಮ್ಮ ಪಂಚಾಯಿತಿಯ ಯಾವ ಓಣಿಗೆ ಅಷ್ಟು ನೀರು ಹೋಗುತ್ತಿಲ್ಲ? ಏಕೆ?" ನಂತರ: "ಬೋರ್‌ವೆಲ್ ಮೋಟಾರು ಸುಟ್ಟುಹೋದರೆ ನೀರುಗಂಟಿ ಮೊದಲು ಫೋನ್ ಮಾಡುವುದು ಯಾರಿಗೆ?" ನಂತರ: "15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಬಳಸಬೇಕೆಂಬ ನಿಬಂಧನೆ ಇತ್ತಲ್ಲ, ನಿಮ್ಮಲ್ಲಿ ಅದು ಯಾವ ಕಾಮಗಾರಿಗೆ ಹೋಯಿತು?" ಕೊನೆಗೆ, ಸ್ವಲ್ಪ ಸಲುಗೆ ಬೆಳೆದ ಮೇಲೆ: "ಬಿಲ್ ಪಾಸು ಮಾಡುವ ಡಿಜಿಟಲ್ ಸಹಿಯ ಡಾಂಗಲ್ ಯಾರ ಹತ್ತಿರ ಇರುತ್ತದೆ, ನಿಮ್ಮ ಹತ್ತಿರವೋ ಬೇರೆಯವರ ಹತ್ತಿರವೋ?" ಈ ಕೊನೆಯ ಪ್ರಶ್ನೆಗೆ ಬರುವ ಉತ್ತರ, ಅಥವಾ ಉತ್ತರಕ್ಕೆ ಮುಂಚಿನ ತಡವರಿಕೆ, ಪಂಚಾಯಿತಿಯಲ್ಲಿ ಹೆಣ್ಣಿನ ಸ್ಥಾನದ ಬಗ್ಗೆ ಹತ್ತು ಭಾಷಣಗಳು ಹೇಳದಷ್ಟನ್ನು ಹೇಳುತ್ತದೆ. ಪಂಚಾಯಿತಿ ಹಣದ ಪಾವತಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಜೊತೆಗೆ ಅಧ್ಯಕ್ಷರ ಒಪ್ಪಿಗೆಯೂ ಬೇಕಾಗಿರುವುದರಿಂದ, ಪತಿಯೋ ಗುತ್ತಿಗೆದಾರನೋ ಮೊದಲು ಹಿಡಿತ ಸಾಧಿಸಲು ನೋಡುವುದು ಅಲ್ಲೇ. ಹಾಗೆಂದು ಈ ಪ್ರಶ್ನೆಗಳನ್ನು ಪೊಲೀಸರ ಧಾಟಿಯಲ್ಲಿ ಕೇಳಬಾರದು. ಹಿಂದಿನ ದಿನವೇ ವಿಷಯವನ್ನು ತಿಳಿಸಿ, ಬೇಕಾದ ಕಡತಗಳನ್ನು ನೋಡಿಕೊಂಡು ಬರಲು ಹೇಳಿ. ಮೊದಲ ಸಲ ಆಯ್ಕೆಯಾದವರು ಅಂಕಿಅಂಶ ಗೊತ್ತಿಲ್ಲದೆ ಪೆಚ್ಚಾಗುವಂತೆ ಮಾಡಿದರೆ ನೀವು ಮಾಡಿದ್ದು ಹಳೆಯ ಚಿತ್ರವನ್ನು ಇನ್ನಷ್ಟು ಗಟ್ಟಿಮಾಡುವ ಕೆಲಸ.

ಗಂಡಂದಿರ ವಿಷಯ. ಅವರನ್ನು ಹೊರಗೆ ಕಳುಹಿಸಿ ಎಂದು ಹೇಳುವುದು ಸುಲಭ. ಆದರೆ ಸಂಜೆ ಹಳ್ಳಿಗೆ ವಾಪಸಾಗಬೇಕಾದವರು ಆ ಹೆಣ್ಣುಮಗಳು, ನೀವಲ್ಲ. ಧ್ವನಿಮುದ್ರಣದ ಕೊಠಡಿ ಚಿಕ್ಕದು, ಒಳಗೆ ಇಬ್ಬರಿಗಿಂತ ಹೆಚ್ಚು ಜನ ಕೂತರೆ ಸದ್ದು ಕೆಡುತ್ತದೆ ಎಂಬ ನಿಯಮವನ್ನು ಎಲ್ಲ ಅತಿಥಿಗಳಿಗೂ ಒಂದೇ ರೀತಿ ಅನ್ವಯಿಸಿ, ಜೊತೆಯಲ್ಲಿ ಬಂದವರಿಗೆ ಹೊರಗೆ ಕಾಫಿ ಕೊಟ್ಟು ಕೂರಿಸಿ. ಇಬ್ಬರು ಮೂವರು ಅಧ್ಯಕ್ಷೆಯರನ್ನು ಒಟ್ಟಿಗೆ ಕರೆಸುವುದು ಇದಕ್ಕಿಂತಲೂ ಒಳ್ಳೆಯ ಉಪಾಯ, ಏಕೆಂದರೆ ಪಕ್ಕದ ಪಂಚಾಯಿತಿಯ ಅಧ್ಯಕ್ಷೆ ಜಮಾಬಂದಿಯ (ಪಂಚಾಯಿತಿಯ ವಾರ್ಷಿಕ ಲೆಕ್ಕಪತ್ರ ಪರಿಶೀಲನೆಯ) ಬಗ್ಗೆ ಧೈರ್ಯವಾಗಿ ಮಾತನಾಡುವುದನ್ನು ಕೇಳಿದ ಮೇಲೆ ಇನ್ನೊಬ್ಬರಿಗೂ ಮಾತು ಬರುತ್ತದೆ. ಹಾಗೆಯೇ ಪ್ರತಿಯೊಬ್ಬ ಅಧ್ಯಕ್ಷೆಯನ್ನೂ ಗಂಡನ ಕೈಗೊಂಬೆ ಎಂದು ಮೊದಲೇ ತೀರ್ಮಾನಿಸಿ ಪ್ರಶ್ನೆ ಹೆಣೆಯುವುದು ಈಚಿನ ದಿನಗಳ ಇನ್ನೊಂದು ರೂಢಿ. ಸ್ವಂತ ಬಲದಿಂದ ಅವಿಶ್ವಾಸ ನಿರ್ಣಯವನ್ನು ಎದುರಿಸಿ ಉಳಿದುಕೊಂಡವರಿಗೆ ಅದರಿಂದ ಆಗುವ ಅನ್ಯಾಯ ಸಣ್ಣದಲ್ಲ. ಅವಿಶ್ವಾಸ ನಿರ್ಣಯದ ಬಗ್ಗೆಯೂ ಕೇಳಿ. ಸದಸ್ಯರನ್ನು ಒಟ್ಟುಗೂಡಿಸುವುದು, ಮನವೊಲಿಸುವುದು, ಸೋಲು ಗೆಲುವಿನ ಲೆಕ್ಕ ಹಾಕುವುದು ಇವೇ ರಾಜಕೀಯ ನಾಯಕತ್ವದ ಕಸುಬು.

ಸಮಸ್ಯೆಗಳ ಚಿತ್ರಣದಲ್ಲಿ ಆಗುವ ಲೋಪ ಬೇರೆ ಬಗೆಯದು. ಮದ್ಯದ ವಿಷಯವನ್ನೇ ತೆಗೆದುಕೊಳ್ಳಿ. ಹಳ್ಳಿಯ ಹೆಂಗಸರಿಗೆ ಅದು ಮನೆಯ ಹಿಂಸೆ, ಕೂಲಿ ಹಣ, ಮಕ್ಕಳ ಶಾಲೆ ಎಲ್ಲವೂ ಸೇರಿದ ಸಂಕಟ. ಮದ್ಯದಂಗಡಿಯ ಮುಂದೆ ಧರಣಿ ಕೂತ ಮಹಿಳಾ ಸಂಘಗಳು ಈ ನಾಡಿನಲ್ಲಿ ಹೊಸದೇನಲ್ಲ. 2007ರ ಜುಲೈನಿಂದ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತದ್ದು ಸರ್ಕಾರದ ನಿರ್ಧಾರದಿಂದ. ಆದರೆ ಬಾನುಲಿಯಲ್ಲಿ ಈ ವಿಷಯ ಬರುವುದು ಕುಡಿತದ ದುಷ್ಪರಿಣಾಮಗಳ ಬಗ್ಗೆ ವೈದ್ಯರ ಭಾಷಣವಾಗಿ, ಇಲ್ಲವೇ ಕುಡುಕ ಗಂಡನನ್ನು ಸಹನೆಯಿಂದ ತಿದ್ದುವ ಹೆಂಡತಿಯ ನಾಟಕವಾಗಿ. ಪರವಾನಗಿ ಕೊಟ್ಟವರು ಯಾರು, ಶಾಲೆಯ ಹತ್ತಿರ ಅಂಗಡಿ ಹೇಗೆ ಬಂತು, ಗ್ರಾಮಸಭೆಯಲ್ಲಿ ಹೆಂಗಸರು ಮಾಡಿದ ಆಕ್ಷೇಪ ನಡಾವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂಬ ಪ್ರಶ್ನೆಗಳು ಬಂದರೆ ಅದೇ ವಿಷಯ ಆಡಳಿತದ ವಿಷಯವಾಗುತ್ತದೆ. ವರದಕ್ಷಿಣೆ, ಬಾಲ್ಯವಿವಾಹ, ಬಯಲು ಶೌಚ, ಅಂಗನವಾಡಿಯ ಮೊಟ್ಟೆ ಎಲ್ಲದಕ್ಕೂ ಇದು ಅನ್ವಯಿಸುತ್ತದೆ. ಹೆಣ್ಣುಮಕ್ಕಳು ಧೈರ್ಯವಾಗಿರಬೇಕು, ಜಾಗೃತರಾಗಬೇಕು ಎಂಬ ಮಾತಿನೊಂದಿಗೆ ಮುಗಿಯುವ ಕಾರ್ಯಕ್ರಮ ಹೊಣೆಯನ್ನು ಮತ್ತೆ ಅವಳ ತಲೆಗೇ ಕಟ್ಟಿ ಎದ್ದು ಹೋಗುತ್ತದೆ.

ಬಾನುಲಿ ಧಾರಾವಾಹಿ ಏನು ಮಾಡಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಹಿಂದಿಯ 'ತಿನಕಾ ತಿನಕಾ ಸುಖ್' ಒಳ್ಳೆಯ ಉದಾಹರಣೆ. 1996-97ರಲ್ಲಿ ಆಕಾಶವಾಣಿಯ ಉತ್ತರ ಭಾರತದ ನಿಲಯಗಳಿಂದ 104 ಕಂತುಗಳಲ್ಲಿ ಇದು ಪ್ರಸಾರವಾಯಿತು. ಅದನ್ನು ಕೇಳಿ ಉತ್ತರ ಪ್ರದೇಶದ ಲುತ್ಸಾನ್ ಎಂಬ ಹಳ್ಳಿಯವರು ತಾವು ವರದಕ್ಷಿಣೆ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ ಎಂದು ಭಿತ್ತಿಪತ್ರದಷ್ಟು ದೊಡ್ಡ ಕಾಗದದಲ್ಲಿ ಬರೆದು, 184 ಮಂದಿ ಸಹಿ ಮತ್ತು ಹೆಬ್ಬೆಟ್ಟು ಒತ್ತಿ ಆಕಾಶವಾಣಿಗೆ ಕಳುಹಿಸಿದರು. ಆ ಊರಿಗೆ ಹೋದ ಸಂಶೋಧಕರಿಗೆ ಕಂಡದ್ದು ಪತ್ರಕ್ಕಿಂತ ಸಂಕೀರ್ಣವಾದ ಚಿತ್ರ: ಜನ ಗುಂಪುಗೂಡಿ ಕೇಳಿದರು, ಪಾತ್ರಗಳನ್ನು ನೆರೆಮನೆಯವರಂತೆ ಚರ್ಚಿಸಿದರು, ಏನಾದರೂ ಮಾಡಬೇಕೆಂದು ಒಟ್ಟಾದರು, ಆದರೆ ಜಾತಿ, ಮನೆತನ, ಊರಿನ ಹಿರೀಕರ ಅಧಿಕಾರ ಅಡ್ಡ ಬಂದಾಗ ಹಳೆಯ ಪದ್ಧತಿ ಸುಲಭವಾಗಿ ಜಾಗ ಬಿಡಲಿಲ್ಲ. ನಾಟಕ ಮಾತಿಗೆ ಎಡೆ ಮಾಡಿಕೊಟ್ಟಿತು, ಆ ಮಾತನ್ನು ನಿರ್ಧಾರವಾಗಿಸಲು ಪಂಚಾಯಿತಿಯಂಥ ಜಾಗದಲ್ಲಿ ಹೆಣ್ಣಿಗೆ ಬಲ ಬೇಕಿತ್ತು. ಇದನ್ನು ಬೇಗ ಗ್ರಹಿಸಿದವರು ಗುಜರಾತಿನ ಕಚ್ಛ್ ಮಹಿಳಾ ವಿಕಾಸ ಸಂಘಟನೆಯವರು. 1999ರ ಕೊನೆಯಿಂದ ಭುಜ್ ಆಕಾಶವಾಣಿಯಲ್ಲಿ ಕಚ್ಛೀ ಭಾಷೆಯ ಧಾರಾವಾಹಿಯೊಂದನ್ನು ತಾವೇ ರೂಪಿಸಿ, ಹೆಣ್ಣಿನ ಸಮಸ್ಯೆಗಳನ್ನು ಪಂಚಾಯಿತಿಯಲ್ಲಿ ಹೆಣ್ಣಿನ ನಾಯಕತ್ವದ ಕಥೆಯೊಂದಿಗೆ ಒಂದೇ ಎಳೆಯಲ್ಲಿ ನೇಯ್ದರು.

ಬಾನುಲಿಯಲ್ಲಿ ಮುಖವಿಲ್ಲ, ದನಿ ಮಾತ್ರ ಇದೆ. ಅಧಿಕಾರದ ದನಿ ಎಂದರೆ ಗಂಡಸಿನ ದನಿ ಎಂಬ ಭಾವನೆ ಈ ಮಾಧ್ಯಮದಷ್ಟೇ ಹಳೆಯದು. ಬಿ.ಬಿ.ಸಿ. 1933ರಲ್ಲಿ ಶೀಲಾ ಬೋರೆಟ್ ಎಂಬುವರಿಂದ ಸುದ್ದಿ ಓದಿಸಿ, ಕೇಳುಗರ ದೂರುಗಳಿಗೆ ಮಣಿದು ಕೆಲವೇ ತಿಂಗಳಲ್ಲಿ ನಿಲ್ಲಿಸಿತು. ನಮ್ಮಲ್ಲಿ ಸಯೀದಾ ಬಾನೊ ಅವರು ದೆಹಲಿ ಆಕಾಶವಾಣಿಯಲ್ಲಿ ಉರ್ದು ವಾರ್ತೆ ಓದಲು ಆರಂಭಿಸಿದ್ದು ದೇಶ ಸ್ವತಂತ್ರವಾದ 1947ರ ಆಗಸ್ಟ್‌ನಲ್ಲೇ; ಬೆಂಗಳೂರು ನಿಲಯದಿಂದ ನಾಗಮಣಿ ಎಸ್. ರಾವ್ ಅವರು ವಾರ್ತೆ ಓದಿದ ವರ್ಷಗಳ ನಂತರ ಕನ್ನಡ ಕೇಳುಗರಿಗೆ ಹೆಣ್ಣಿನ ದನಿಯ ಸುದ್ದಿ ತೀರ ಸಹಜವಾಯಿತು. ಓದುವ ದನಿಯನ್ನು ಒಪ್ಪಿದ ಕಿವಿ ಆಳುವ ದನಿಯನ್ನು ಒಪ್ಪಲು ಮಾತ್ರ ತಡ ಮಾಡುತ್ತದೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ಅವರಂಥವರೂ ತಮ್ಮ ದನಿಯನ್ನು ತಗ್ಗಿಸಿಕೊಳ್ಳಲು ತರಬೇತಿ ಪಡೆಯಬೇಕಾಯಿತು.

ಇದರ ಬಗ್ಗೆ ನಮ್ಮ ದೇಶದಲ್ಲೇ ನಡೆದ ಅಧ್ಯಯನವೊಂದನ್ನು ನಿಮ್ಮ ವಿದ್ಯಾರ್ಥಿನಿಯರಿಗೆ ತಪ್ಪದೆ ಹೇಳಿ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯಲ್ಲಿ ಅರ್ಥಶಾಸ್ತ್ರಜ್ಞರಾದ ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ, ಲೋರಿ ಬೀಮನ್ ಮತ್ತು ಸಂಗಡಿಗರು, ಗ್ರಾಮಸ್ಥರ ದೂರಿಗೆ ಪಂಚಾಯಿತಿ ಪ್ರಧಾನರು (ನಮ್ಮಲ್ಲಿ ಅಧ್ಯಕ್ಷರು) ಉತ್ತರಿಸುವ ಒಂದೇ ಭಾಷಣವನ್ನು ಕೆಲವರಿಗೆ ಗಂಡಸಿನ ದನಿಯಲ್ಲೂ ಕೆಲವರಿಗೆ ಹೆಂಗಸಿನ ದನಿಯಲ್ಲೂ ಮುದ್ರಿಸಿ ಕೇಳಿಸಿದರು. ಒಮ್ಮೆಯೂ ಮಹಿಳಾ ಮೀಸಲಾತಿ ಬಾರದ ಹಳ್ಳಿಗಳ ಗಂಡಸರು ಅಕ್ಷರಶಃ ಅದೇ ಮಾತಿಗೆ, ದನಿ ಹೆಂಗಸಿನದಾಗಿದ್ದರೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಮಹಿಳಾ ಪ್ರಧಾನರನ್ನು ಕಂಡಿದ್ದ ಹಳ್ಳಿಗಳಲ್ಲಿ ಈ ಅಂತರ ಅಳಿಸಿಹೋಗಿತ್ತು. 2009ರಲ್ಲಿ ಪ್ರಕಟವಾದ ಈ ಅಧ್ಯಯನದ ಇನ್ನೊಂದು ಅಂಶವನ್ನು ಮುಚ್ಚಿಡುವ ಹಾಗಿಲ್ಲ: ನಾಯಕರಾಗಿ ಗಂಡಸರೇ ಇರಲಿ ಎಂಬ ಒಲವು ಆ ಹಳ್ಳಿಗಳಲ್ಲೂ ಉಳಿದೇ ಇತ್ತು, ಬದಲಾದದ್ದು ಹೆಂಗಸರ ಸಾಮರ್ಥ್ಯದ ಬಗೆಗಿನ ಅಂದಾಜು. ಬಾನುಲಿಯ ಪಾಲಿಗೆ ಇದು ಚಿಕ್ಕ ಸಂಗತಿಯಲ್ಲ. ಹೆಣ್ಣು ಸಮರ್ಥಳು ಎಂದು ಉಪದೇಶಿಸುವುದಕ್ಕಿಂತ, ಹೆಣ್ಣೊಬ್ಬಳು ದೂರಿಗೆ ಉತ್ತರಿಸುವುದನ್ನು ಊರಿನವರು ಮೇಲಿಂದ ಮೇಲೆ ಕೇಳುವಂತೆ ಮಾಡುವುದು ಹೆಚ್ಚು ಕೆಲಸ ಮಾಡೀತು ಎಂದು ನಾನು ಇದರಿಂದ ಅರ್ಥ ಮಾಡಿಕೊಳ್ಳುತ್ತೇನೆ.

ದನಿಯ ಜೊತೆಗೆ ಭಾಷೆಯ ಪ್ರಶ್ನೆಯೂ ಇದೆ. ಕನ್ನಡ ಬಾನುಲಿಯಲ್ಲಿ ಆಡುನುಡಿಗೆ ಗೊತ್ತುಪಡಿಸಿದ ಜಾಗಗಳು ಕೃಷಿ ಕಾರ್ಯಕ್ರಮದ ಮಾತುಕತೆ, ಹಾಸ್ಯ ನಾಟಕ ಮತ್ತು ಜಾನಪದ ಗೀತೆ. ಸುದ್ದಿಗೂ ಚರ್ಚೆಗೂ ಗ್ರಾಂಥಿಕ ಕನ್ನಡ. ಇದನ್ನು ಕೇಳಿ ಪಳಗಿದ ಕಿವಿಗೆ ರಾಯಚೂರಿನ ಅಥವಾ ಚಾಮರಾಜನಗರದ ದಲಿತ ಅಧ್ಯಕ್ಷೆಯೊಬ್ಬರು ತಮ್ಮ ಮಾತಿನಲ್ಲಿ ಕ್ರಿಯಾಯೋಜನೆ ವಿವರಿಸಿದಾಗ ಗಂಭೀರತೆ ಕಡಿಮೆಯಾದಂತೆ ಅನ್ನಿಸುತ್ತದೆ. ಆಗ ಸಂಪಾದಕರು ಅವರ ಮಾತನ್ನು ಕತ್ತರಿಸಿ, ಉದ್ಘೋಷಕಿಯ ಶಿಷ್ಟ ಕನ್ನಡದಲ್ಲಿ ಸಾರಾಂಶ ಕೊಡುತ್ತಾರೆ. ಪರಿಶಿಷ್ಟ ಜಾತಿ ಮತ್ತು ಪಂಗಡದ ಮಹಿಳೆಯರಿಗೂ ಪಂಚಾಯಿತಿಗಳಲ್ಲಿ ಸ್ಥಾನಗಳು ಮೀಸಲಾಗಿರುವಾಗ, ಸಂದರ್ಶನಕ್ಕೆ ಮಾತ್ರ ಓದಿದ, ಪಟ್ಟಣದ ಕನ್ನಡ ಬಲ್ಲ ಅಧ್ಯಕ್ಷೆಯರೇ ಮತ್ತೆ ಮತ್ತೆ ಆಯ್ಕೆಯಾಗುವುದು ಇದೇ ಕಾರಣದಿಂದ. ಮಾತು ತಡವರಿಸಿದ ಜಾಗವನ್ನು ಬೇಕಾದರೆ ಕತ್ತರಿಸಿ, ಆದರೆ ವಾದವನ್ನು ಅವರ ಬಾಯಿಂದಲೇ ಬರಲು ಬಿಡಿ. ಮೆದು ದನಿಯವರಿಗೆ ಮೈಕನ್ನು ಹತ್ತಿರಕ್ಕೆ ಎಳೆದುಕೊಡಿ. ಪಂಚಾಯಿತಿಯ ಖಾಲಿ ಸಭಾಂಗಣದಲ್ಲಿ ಮುದ್ರಿಸಿದರೆ ದನಿ ಗೋಡೆಗೆ ಬಡಿದು ತೆಳುವಾಗುತ್ತದೆ, ಅದಕ್ಕಿಂತ ನೀರಿನ ಟ್ಯಾಂಕಿನ ಕೆಳಗೆ ಬಯಲಿನಲ್ಲಿ ನಿಲ್ಲಿಸಿ ಮುದ್ರಿಸುವುದು ಎಷ್ಟೋ ಮೇಲು.

ಖಾಸಗಿ ಎಫ್.ಎಂ. ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2001ರಲ್ಲಿ ಬೆಂಗಳೂರಿನಿಂದಲೇ ಆರಂಭವಾದ ಈ ವಾಹಿನಿಗಳಿಗೆ ಸ್ವಂತ ಸುದ್ದಿ ಪ್ರಸಾರದ ಅನುಮತಿಯನ್ನು ಸರ್ಕಾರ ಕೊಡಲಿಲ್ಲ. ಗಂಟೆಗೆ 10 ನಿಮಿಷದ ಸುದ್ದಿಗೆ ಅವಕಾಶ ಕೊಡಬಹುದೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಶಿಫಾರಸು ಮಾಡಿದ್ದೇ 2023ರಲ್ಲಿ. ಹೀಗಾಗಿ ಅಲ್ಲಿ ಹೆಂಡತಿಯ ಬಗೆಗಿನ ನಗೆಹನಿಗಳೂ ಮಾರ್ಚ್ 8ರ ಅಭಿನಂದನೆಗಳೂ ಧಾರಾಳವಾಗಿವೆ, ರಾಜಕೀಯ ಮಹಿಳೆ ಇಲ್ಲ.

ನಿಮಗೆ ಹತ್ತಿರದ ಮಾದರಿಗಳು ಬೇರೆ ಕಡೆ ಇವೆ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ, ಸಮುದಾಯಕ್ಕೆ ಬಾನುಲಿ ಪರವಾನಗಿ ಸಿಗದಿದ್ದ ಕಾಲದಲ್ಲೇ 'ನಮ್ಮ ಧ್ವನಿ' ಎಂಬ ಪ್ರಯೋಗ ನಡೆಯಿತು. ಸ್ತ್ರೀ ಸ್ವಸಹಾಯ ಸಂಘಗಳ ಸದಸ್ಯೆಯರು ತಯಾರಿಸಿದ ಕಾರ್ಯಕ್ರಮಗಳನ್ನು ಧ್ವನಿವರ್ಧಕದಲ್ಲೂ ಆಮೇಲೆ ಕೇಬಲ್ ಮೂಲಕವೂ ಊರಿಗೆ ಕೇಳಿಸುತ್ತಿದ್ದರು. ಬೀದರ್ ಗಡಿಗೆ ಹತ್ತಿರದ, ತೆಲಂಗಾಣದ ಪಾಸ್ತಾಪುರ ಪ್ರದೇಶದಲ್ಲಿ 2008ರಲ್ಲಿ ಪ್ರಸಾರ ಆರಂಭಿಸಿದ ಸಂಘಂ ರೇಡಿಯೊವನ್ನು ದಲಿತ ರೈತ ಮಹಿಳೆಯರೇ, ತಮ್ಮ ಸೀಮೆಯ ತೆಲುಗಿನಲ್ಲೇ ನಡೆಸುತ್ತ ಬಂದರು. ಅಲ್ಲಿ ಮಹಿಳೆಯರ ವೇಳೆ ಎಂದು ಬೇರೆ ಇರಬೇಕಾಗಿರಲಿಲ್ಲ. ಬಿತ್ತನೆ ಬೀಜವೂ ಕೂಲಿಯೂ ಅವರದೇ ವಿಷಯ.

ನಿಯಮಗಳ ಕುರಿತು ಒಂದು ಎಚ್ಚರಿಕೆ. ಸರ್ಕಾರೇತರ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಬಾಗಿಲು ತೆರೆದ 2006ರ ಮಾರ್ಗಸೂಚಿ, ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯ ಸಮುದಾಯದ ಪಾಲುಗಾರಿಕೆಯಿಂದ ತಯಾರಾಗಬೇಕು ಎನ್ನುತ್ತದೆ, ಜೊತೆಗೆ ಸುದ್ದಿ ಮತ್ತು ರಾಜಕೀಯ ಸ್ವರೂಪದ ಕಾರ್ಯಕ್ರಮಗಳನ್ನು ನಿರ್ಬಂಧಿಸುತ್ತದೆ. ಕುಡಿಯುವ ನೀರು, ನೈರ್ಮಲ್ಯ, ಗ್ರಾಮಸಭೆಯ ದಿನಾಂಕ, ಅಂಗನವಾಡಿ ಇವು ಸ್ಥಳೀಯ ಅಭಿವೃದ್ಧಿಯ ವಿಷಯಗಳು. ಇವುಗಳ ಬಗ್ಗೆ ಅಧ್ಯಕ್ಷೆಯನ್ನು ಪ್ರಶ್ನಿಸಲು ಹೆದರಬೇಕಾಗಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಪಕ್ಷದ ಹೆಸರನ್ನು ಎತ್ತದೆಯೇ ಮಾತುಕತೆ ನಡೆಸಬಹುದು. ಆದರೆ ಚುನಾವಣೆ ಘೋಷಣೆಯಾದ ಮೇಲೆ ಸ್ಪರ್ಧಿಸುವವರಾರನ್ನೂ ಸ್ಟುಡಿಯೊಗೆ ಕರೆಯಬೇಡಿ. ಆ ವಾರಗಳಲ್ಲಿ ಮತದಾರರ ಪಟ್ಟಿ, ಮತಗಟ್ಟೆ, ನಾಮಪತ್ರ ಸಲ್ಲಿಸುವ ಕ್ರಮ ಇವುಗಳನ್ನು ವಿವರಿಸುವ ಕಾರ್ಯಕ್ರಮ ಮಾಡಿ. ಮೊದಲ ಸಲ ಕಣಕ್ಕಿಳಿಯುವ ಹೆಂಗಸರಿಗೆ ಅದರ ಅಗತ್ಯವೇ ಹೆಚ್ಚು.

ಸಾಧ್ಯವಾದರೆ ಅರ್ಧ ಗಂಟೆಯನ್ನು ಮಧ್ಯಾಹ್ನದಿಂದ ರಾತ್ರಿ ಊಟದ ಹೊತ್ತಿಗೆ ಸರಿಸಿ, ಇಲ್ಲವೇ ಮರುಪ್ರಸಾರವನ್ನಾದರೂ ಆಗ ಇಡಿ. ನೀರಿನ ಪ್ರಶ್ನೆಗೆ ಅಧ್ಯಕ್ಷೆ ಕೊಟ್ಟ ಉತ್ತರವನ್ನು ಗಂಡಸರೂ ಕೇಳಬೇಕು. ಮತ್ತೊಂದು ಕೆಲಸವನ್ನು ಈ ವರ್ಷವೇ ಶುರು ಮಾಡಬಹುದು. ಮೀಸಲಾತಿ ಸರದಿಯ ಮೇಲೆ ಬದಲಾಗುವುದರಿಂದ ಅಧ್ಯಕ್ಷೆಯರಲ್ಲಿ ಬಹಳ ಮಂದಿ ಒಂದೇ ಅವಧಿಗೆ ಹಿಂದೆ ಸರಿಯುತ್ತಾರೆ. ಟೆಂಡರು, ಜಮಾಬಂದಿ, ತಾಲ್ಲೂಕು ಪಂಚಾಯಿತಿಯ ಅಧಿಕಾರಿಗಳ ವರಸೆ ಎಲ್ಲವನ್ನೂ ಬಲ್ಲ ಈ ಮಾಜಿ ಅಧ್ಯಕ್ಷೆಯರನ್ನು ಆಮೇಲೆ ಯಾವ ನಿಲಯವೂ ಕರೆಯುವುದಿಲ್ಲ. ಅವರ ಫೋನ್ ಸಂಖ್ಯೆಗಳನ್ನು ಪಂಚಾಯಿತಿವಾರು ಬರೆದಿಟ್ಟುಕೊಂಡು, ಮುಂದಿನ ಬಾರಿ ಹಣಕಾಸು ಆಯೋಗದ ಅನುದಾನದ ಬಗ್ಗೆಯೋ ಬರದ ಬಗ್ಗೆಯೋ ವಿಷಯ ತಜ್ಞರು ಬೇಕಾದಾಗ ಮೊದಲು ಅವರಿಗೆ ಫೋನ್ ಮಾಡಿ.